ದಫೇದಾರನನ್ನು ಕರೆಯುವ ಬಗೆ

ದಫೇದಾರನಿಗೆ ಕಿವಿ ಹೋಗಿದೆ ಎಂಬುದು ಮನೆಯವರಿಗೆ ಗೊತ್ತಾದದ್ದು ಅದು ಹಾಲಿನ ಹುಲಿಯಪ್ಪನ ಮೀನಖಂಡಕ್ಕೆ ಬಾಯಿ ಹಾಕಿದ ಮೇಲೆ. ಅಲ್ಲಿಯವರೆಗೆ ಎಲ್ಲರೂ ನಾಯಿಗೆ ಸೊಕ್ಕು ಬಂದಿದೆ ಅಂದುಕೊಂಡಿದ್ದರು. ಕರೆದರೆ ತಿರುಗಿ ನೋಡುತ್ತಿರಲಿಲ್ಲ, ಗೇಟು ಕಿರುಗುಟ್ಟಿದರೂ ಏಳುತ್ತಿರಲಿಲ್ಲ. ಹನ್ನೊಂದು ವರ್ಷ ಕೂತು ಉಂಡು ಮೈಗಳ್ಳತನ ಕಲಿತಿದೆ ಎಂದು ಮನೆ ಯಜಮಾನ ಗಂಗಾಧರಪ್ಪ ಗೊಣಗಿದ್ದೇ ಗೊಣಗಿದ್ದು.

ಹುಲಿಯಪ್ಪನದೇನೂ ತಪ್ಪಿರಲಿಲ್ಲ. ದಿನಾ ಬೆಳಿಗ್ಗೆ ಮೆಟ್ಟಿಲ ಮೇಲೆ ಮಲಗಿದ ನಾಯಿಯನ್ನು ದಾಟಿ ಬಂದು ಹಾಲು ಅಳೆದು ಹೋಗುವವನು ಅವತ್ತೂ ದಾಟಿದ. ಗಾಢ ನಿದ್ದೆಯಲ್ಲಿದ್ದ ನಾಯಿಗೆ ಅವನ ಹೆಜ್ಜೆ ಕೇಳಲಿಲ್ಲ, ಬೆನ್ನಿಗೆ ಕಾಲು ತಗುಲಿದ್ದಷ್ಟೇ ಗೊತ್ತು. ಪಾಪ, ಹೊಕ್ಕುಳ ಸುತ್ತ ಇಂಜೆಕ್ಷನ್ ಚುಚ್ಚಿಸಿಕೊಳ್ಳಲು ಅವನು ದಿನಾ ಆಸ್ಪತ್ರೆಗೆ ನಡೆದ. ಐದನೆಯ ಸೂಜಿಯ ಹೊತ್ತಿಗೆ ಅವನ ಮುಖ ನೋಡುವುದಕ್ಕೆ ಗಂಗಾಧರಪ್ಪನ ಹೆಂಡತಿ ನೀಲಾಂಬಿಕಳಿಗೆ ನಾಚಿಕೆಯಾಗುತ್ತಿತ್ತು.

ಶಿಕಾರಿಪುರದ ಪೇಟೆಯಲ್ಲಿ ಬೀಜ, ಗೊಬ್ಬರದ ಅಂಗಡಿ ಇಟ್ಟಿದ್ದ ಗಂಗಾಧರಪ್ಪ ಊಟಕ್ಕೆ ಕೂತವನು ಹೆಂಡತಿಗೆ ಹೇಳಿಯೇಬಿಟ್ಟ.

"ಬರೋ ಗುರುವಾರ ಸೊರಬದ ಕಡೆ ಗೊಬ್ಬರದ ಟೆಂಪೊ ಹೋಗ್ತದೆ. ಅದರಾಗೆ ಹಾಕಿ ಕಳಿಸ್ತೀನಿ. ಕುಪ್ಪಗಡ್ಡೆಯಲ್ಲಿ ನಮ್ಮ ಮಹಾಂತೇಶನ ಗದ್ದೆ ಕಾಯ್ಲಿ. ಅಲ್ಲಿ ದಾಟೋರೂ ಇಲ್ಲ, ಕಚ್ಚಿಸ್ಕೊಳ್ಳೋರೂ ಇಲ್ಲ."

"ಮೈದುನನ ಗದ್ದೆ ಮನೆಯಿಂದ ಹೋದ ವರ್ಷ ಎರಡು ನಾಯಿ ಚಿರತೆ ಹೊತ್ಕೊಂಡು ಹೋಯ್ತಲ್ಲ ರೀ. ಕಿವಿ ಇದ್ದ ನಾಯಿಗಳೇ ಉಳೀಲಿಲ್ಲ, ಇದು ಎಷ್ಟು ದಿನ?"

"ಮತ್ತೇನು, ಇಲ್ಲೇ ಇಟ್ಕೊಂಡು ಊರೋರಿಗೆಲ್ಲ ಸೂಜಿ ಚುಚ್ಚಿಸ್ಲಾ?"

ನೀಲಾಂಬಿಕ ಮಾತು ಬೆಳೆಸಲಿಲ್ಲ. ಮಾತು ಬೆಳೆಸಲು ಶಕ್ತಿ ಬೇಕು. ಹಾಸಿಗೆ ಹಿಡಿದ ಅತ್ತೆಯ ಚಾಕರಿಯನ್ನು ಮೂರು ವರ್ಷ ಮಾಡಿ, ಶ್ರಾವಣದಲ್ಲಿ ಅವರ ಕಾರ್ಯ ಮುಗಿಸಿ, ಇನ್ನಾದರೂ ನಾಲ್ಕು ದಿನ ಬೆನ್ನು ನೆಲಕ್ಕೆ ಹಚ್ಚೋಣ ಅಂದುಕೊಂಡಿದ್ದಳು. ಅಷ್ಟರಲ್ಲಿ ಇದೊಂದು ಗಂಟುಬಿತ್ತು. ಹೋದರೆ ಹೋಗಲಿ ಅನ್ನಿಸಿದ್ದೂ ಸುಳ್ಳಲ್ಲ. ಆದರೆ ಅತ್ತೆಯ ಮಂಚದ ಕೆಳಗೆ ಆ ಮೂರು ವರ್ಷವೂ ಮಲಗಿದ್ದದ್ದು ಆ ನಾಯಿಯೊಂದೇ. ಅತ್ತೆ ನರಳಿದರೆ ಅಡುಗೆಮನೆಗೆ ಬಂದು ಅವಳ ಸೀರೆ ಜಗ್ಗುತ್ತಿದ್ದದ್ದೂ ಅದೇ. ಈಗ ಅದರ ಸರದಿ ಬಂದಾಗ ಚಿರತೆಯ ಬಾಯಿಗೆ ಕಳಿಸುವುದು ಅವಳಿಂದಾಗದ ಮಾತು. ಕರೆದರೆ ಬರುವ ಹಾಗೆ ಮಾಡಿದರೆ ಗಂಡನ ಮನಸ್ಸು ತಿರುಗೀತು ಎಂದು ಲೆಕ್ಕ ಹಾಕಿದಳು. ಉಳಿದದ್ದು ಎಂಟು ದಿನ.

ದನದ ಡಾಕ್ಟರು ಗುರುಪ್ರಕಾಶ್ ಬ್ಯಾಟರಿ ಬಿಟ್ಟು ಕಿವಿ ನೋಡಿದರು. "ವಯಸ್ಸಾಗಿದೆ ಅಮ್ಮ, ಹಳೇ ಕೀವು ಬೇರೆ. ಹೋದ ಕಿವಿ ಬರಲ್ಲ. ಕಣ್ಣು ಚೆನ್ನಾಗೇ ಇದಾವೆ, ಕೈ ಮಾಡಿ ಕರೀರಿ. ಕಾಲಲ್ಲಿ ನೆಲ ತಟ್ಟಿದ್ರೂ ಅದಕ್ಕೆ ಅದುರು ಗೊತ್ತಾಗ್ತದೆ."

ಹೇಳುವುದು ಸುಲಭ. ಮನೆಗೆ ಬಂದು ನೀಲಾಂಬಿಕ ಕಾಲಿನಿಂದ ನೆಲ ತಟ್ಟಿದಳು. ದಫೇದಾರ ಬಾಲ ಮುದುಡಿಕೊಂಡು ಹಿತ್ತಿಲಿಗೆ ಓಡಿತು. ಹಿತ್ತಿಲಿಗೆ ಹೋಗಿ ಕೈಯೆತ್ತಿ ಬೀಸಿದಳು. ಬಚ್ಚಲ ಗೋಡೆಯ ಹಿಂದೆ ಹೋಗಿ ಅವಿತಿತು. ಬಗ್ಗಿ ನೆಲ ಮುಟ್ಟಿ ಕರೆದಳು. ಬೇಲಿ ಹಾರಿ ರಸ್ತೆಗೇ ಹೋಯಿತು. ಮೂರು ದಿನ ಇದೇ ಆಟ. ಮೊದಲು ಕಿವಿಯಷ್ಟೇ ಹೋಗಿತ್ತು, ಈಗ ಅವಳ ನೆರಳು ಕಂಡರೂ ಹೆದರತೊಡಗಿತು. ನಾಲ್ಕನೆಯ ದಿನ ಅವಳಿಗೆ ಸಿಟ್ಟೂ ಅಳುವೂ ಒಟ್ಟಿಗೇ ಬಂದವು. "ಹಾಳಾಗಿ ಹೋಗು! ಇನ್ನೊಬ್ಬರ ಚಾಕರಿ ನನ್ನ ಕೈಲಿ ಆಗಲ್ಲ" ಎಂದು ಕೂಗಿದಳು. ಅದಕ್ಕೆ ಅದೂ ಕೇಳಲಿಲ್ಲ.

ಎದುರುಮನೆಯ ಶಹಜಹಾನ್ ಬೇಗಂ ಕಿಟಕಿಯ ಹತ್ತಿರ ಹೊಲಿಗೆ ಮಿಷನ್ ಹಾಕಿಕೊಂಡು ಕೂತವರು. ಬೀದಿಯಲ್ಲಿ ನಡೆಯುವುದೆಲ್ಲ ಅವರ ಕಣ್ಣ ಮುಂದೆಯೇ. ಅವರು ಮಿಷನ್ ನಿಲ್ಲಿಸಿ ಹೇಳಿದರು:

"ಅಕ್ಕಾ, ಬೇಜಾರು ಮಾಡ್ಕೋಬೇಡಿ. ನೀವು ಬಗ್ಗಿದ್ರೆ ಅದು ಕಲ್ಲು ತಗೊಂಡ್ರಿ ಅಂತ ತಿಳ್ಕೊಳ್ತದೆ. ಬೀದಿ ನಾಯಿನೆಲ್ಲ ನಾವು ಹಂಗೇ ಅಲ್ವಾ ಓಡಿಸೋದು?"

ನೀಲಾಂಬಿಕ ಅಲ್ಲೇ ನಿಂತುಬಿಟ್ಟಳು. ಹೌದಲ್ಲ! ಕಾಲು ಅಪ್ಪಳಿಸುವುದು, ಕೈಯೆತ್ತುವುದು, ಕಲ್ಲಿಲ್ಲದಿದ್ದರೂ ಸುಮ್ಮನೆ ಬಗ್ಗಿ ಏಳುವುದು, ಎಲ್ಲವೂ ನಾಯಿಗೆ ಹಚಾ ಅನ್ನುವ ರೀತಿಗಳೇ. ಅವಳೇ ಎಷ್ಟು ನಾಯಿಗಳನ್ನು ಹಾಗೆ ಓಡಿಸಿಲ್ಲ! ಹತ್ತಿರ ಕರೆಯುವುದಕ್ಕೆ ಎಲ್ಲರೂ ಬಾಯಿ ಬಳಸುತ್ತಿದ್ದರು, ದೂರ ಅಟ್ಟುವುದಕ್ಕೆ ಮಾತ್ರ ಕೈಕಾಲು. ಬಾಯಿಯ ಮಾತು ನಿಂತುಹೋದ ಮೇಲೆ ಆ ಪ್ರಾಣಿಯ ಪಾಲಿಗೆ ಉಳಿದದ್ದು ಬರೀ ಅಟ್ಟುವ ಕೈ. ಮೂರು ದಿನದಿಂದ ಅವಳು ಪ್ರೀತಿಯಿಂದ ಕರೆಯುತ್ತಿದ್ದೇನೆ ಅಂದುಕೊಂಡು ಮನೆ ಬಿಟ್ಟು ತೊಲಗು ಎಂದು ಹೇಳುತ್ತಿದ್ದಳು.

ನಾಯಿ ಓಡಿಸಲು ಯಾರೂ ಯಾವತ್ತೂ ಮಾಡದ ಒಂದು ಸನ್ನೆ ಬೇಕಿತ್ತು. ಯೋಚಿಸಿ ಯೋಚಿಸಿ ತಲೆ ಬಿಸಿಯಾಯಿತು. ಕೊನೆಗೆ ಮೆಟ್ಟಿಲ ಮೇಲೆ ಕುಕ್ಕರಿಸಿದಳು. ಕೂತವರು ಕಲ್ಲು ಹೊಡೆಯುವುದಿಲ್ಲ. ಎರಡೂ ಕೈಯಲ್ಲಿ ಸೆರಗಿನ ತುದಿ ಹಿಡಿದು ಮುಂದಕ್ಕೆ ಒಡ್ಡಿದಳು, ಅದರಲ್ಲೊಂದು ರೊಟ್ಟಿಯ ಚೂರು. ತವರಿನವರ ಮುಂದೆಯೂ ಸೆರಗೊಡ್ಡದವಳು ನಾಯಿಯ ಮುಂದೆ ಒಡ್ಡಿದೆನಲ್ಲ ಎಂದು ಒಳಗೊಳಗೇ ನಗು ಬಂತು. ದಫೇದಾರ ದೂರದಲ್ಲೇ ನಿಂತು ನೋಡಿತು. ಓಡಲಿಲ್ಲ. ತುಂಬ ಹೊತ್ತಾದ ಮೇಲೆ ಹೊಟ್ಟೆ ನೆಲಕ್ಕೆ ತಾಗಿಸಿಕೊಂಡು ಬಂದು ರೊಟ್ಟಿ ಕಚ್ಚಿಕೊಂಡು ಹೋಯಿತು. ಮರುದಿನ ಅರ್ಧ ಹೊತ್ತಿನಲ್ಲಿ ಬಂತು. ಅದರ ಮರುದಿನ ಸೆರಗು ಒಡ್ಡುವುದನ್ನೇ ಕಾದು ಕೂತಿತ್ತು.

ಗುರುವಾರ ಟೆಂಪೊ ಬಂದು ಮನೆಮುಂದೆ ನಿಂತಿತು. ನೀಲಾಂಬಿಕ ಗಂಡನಿಗೆ ಎಲ್ಲವನ್ನೂ ಹೇಳಿದಳು. ಗಂಗಾಧರಪ್ಪ ಕೇಳಿ ನಕ್ಕುಬಿಟ್ಟ.

"ನಿನಗೊಬ್ಬಳಿಗೆ ಬಂದ್ರೆ ಆಯ್ತಾ? ನಾಳೆ ಹುಲಿಯಪ್ಪ ಸೆರಗು ಹೊದ್ಕೊಂಡು ಬರ್ತಾನಾ ಹಾಲು ಹಾಕೋಕೆ? ಸುಮ್ನಿರು."

ಅವನು ಹಗ್ಗ ಹಿಡಿದು ಹೋದ. ಹಗ್ಗ ಕಂಡದ್ದೇ ನಾಯಿ ಹೊಂಗೆಮರದ ಕಡೆಗೆ ಓಡಿತು. ಅವನು ಕೂಗಿದ, ಕೈ ಬೀಸಿದ, ಬಗ್ಗಿದ. ಅದು ಇನ್ನಷ್ಟು ದೂರ ಹೋಯಿತು. ಡ್ರೈವರ್ ಆನಂದಪ್ಪ ಸೊರಬ ಮುಟ್ಟುವುದಕ್ಕೆ ಹೊತ್ತಾಗುತ್ತದೆ ಎಂದು ಹಾರನ್ ಹೊಡೆದ. ಗಂಗಾಧರಪ್ಪ ಬೆವರು ಒರೆಸಿಕೊಳ್ಳುತ್ತ ಹೆಂಡತಿಯ ಕಡೆ ತಿರುಗಿದ.

"ನಿನ್ ಹತ್ರ ಬರ್ತದಲ್ಲ, ಕರಿ ಮತ್ತೆ. ಹತ್ರ ಬಂದ್ ಕೂಡ್ಲೆ ಹಗ್ಗ ಹಾಕ್ತೀನಿ."

ಅವಳು ಸೆರಗನ್ನು ಸೊಂಟಕ್ಕೆ ಬಿಗಿದು ಸಿಕ್ಕಿಸಿಕೊಂಡಳು.

"ಕರೆಯಲ್ಲ ರೀ."

"ಏನಂದಿ?"

"ಅದಕ್ಕೆ ಬಾ ಅಂತ ಹೇಳೋದು ಲೋಕದಲ್ಲಿ ಇದೊಂದೇ ಉಳಿದಿರೋದು. ಇದನ್ನೂ ಸುಳ್ಳು ಮಾಡಿದ್ರೆ ಅದು ಯಾರನ್ನ ನಂಬಬೇಕು? ನೀವು ಬೇಕಾದ್ರೆ ಹಿಡ್ಕೊಂಡು ಹೋಗಿ, ನಾನು ಅಡ್ಡ ಬರಲ್ಲ. ನನ್ ಕೈಲಿ ಮಾತ್ರ ಕರೆಸ್ಬೇಡಿ. ನನಗೂ ಸಾಕಾಗಿದೆ. ಮೂರು ವರ್ಷ ನಿಮ್ಮ ಅವ್ವನ್ನ ನೋಡ್ಕೊಂಡೆ, ಸಾಕಾಯ್ತಾ ಅಂತ ಒಬ್ರೂ ಕೇಳಲಿಲ್ಲ. ಈಗ ನಾನೇ ಹೇಳ್ತಿದೀನಿ, ಸಾಕಾಗಿದೆ."

ಬೇಗಂ ಅವರ ಮಿಷನ್ ಸದ್ದು ನಿಂತಿತ್ತು. ಇಪ್ಪತ್ತಾರು ವರ್ಷದ ಸಂಸಾರದಲ್ಲಿ ಹೆಂಡತಿ ಬೀದಿಯಲ್ಲಿ ನಿಂತು ಇಷ್ಟು ಮಾತಾಡಿದ್ದು ಇದೇ ಮೊದಲು. ಗಂಗಾಧರಪ್ಪ ಹಗ್ಗವನ್ನು ಜಗಲಿಯ ಮೇಲೆ ಎಸೆದು ಟೆಂಪೊದವನಿಗೆ ಹೋಗು ಎಂದು ಕೈಮಾಡಿದ. ಒಳಗೆ ಹೋಗುತ್ತ, ಅವಳ ಮುಖ ನೋಡದೆ ಹೇಳಿದ:

"ನಾಳಿಂದ ಹುಲಿಯಪ್ಪನಿಗೆ ಹಿತ್ತಲ ಬಾಗ್ಲಿಗೆ ಬರೋಕೆ ಹೇಳು."

ಅಷ್ಟು ಬಿಟ್ಟರೆ ಆ ಮನುಷ್ಯನ ಬಾಯಿಂದ ಇನ್ನೇನೂ ಬರುವುದಿಲ್ಲ, ಅದು ಅವಳಿಗೆ ಗೊತ್ತು. ಗೆದ್ದೆ ಅನ್ನಿಸಲಿಲ್ಲ. ಮೆಟ್ಟಿಲ ಮೇಲೆ ಕೂತುಬಿಟ್ಟಳು. ಹೊಂಗೆಮರದ ಬುಡದಲ್ಲಿ ದಫೇದಾರ ಇನ್ನೂ ನಿಂತೇ ಇತ್ತು, ಓಡುವುದೋ ಉಳಿಯುವುದೋ ತಿಳಿಯದೆ. ಅವಳು ಸೊಂಟದಿಂದ ಸೆರಗು ಬಿಡಿಸಿ ಮುಂದಕ್ಕೆ ಒಡ್ಡಿದಳು. ಒಡ್ಡಿದ ಮೇಲೆ ನೆನಪಾಯಿತು, ರೊಟ್ಟಿ ತಂದಿಲ್ಲ. ಎದ್ದು ಒಳಗೆ ಹೋಗಿ ತರೋಣವೆಂದರೆ ಮೈ ಏಳಲಿಲ್ಲ.

ನಾಯಿ ಬಂತು. ಬಂದು ಸೆರಗಿಗೆ ಮೂತಿಯಿಟ್ಟು ಮೂಸಿ ನೋಡಿತು. ಬರೀ ಬಟ್ಟೆ. ಈಗ ತಿರುಗಿ ಹೋಗುತ್ತದೆ ಎಂದು ಅವಳು ಕಣ್ಣು ಮುಚ್ಚಿಕೊಂಡಳು. ಅದು ಹೋಗಲಿಲ್ಲ. ಖಾಲಿ ಸೆರಗಿನ ಮೇಲೆ ಗದ್ದ ಊರಿ, ತನ್ನ ಭಾರವನ್ನೆಲ್ಲ ಅವಳ ಮೊಣಕಾಲಿಗೆ ಬಿಟ್ಟು ಮಲಗಿತು.