ನಲವತ್ತೊಂದನೆಯ ಕೈ

ಹೊರದೇಶದ ಮಾಂಟ್ ಕಿಯಾರಾ ಬಡಾವಣೆಯ ಆ ಅಪಾರ್ಟ್‌ಮೆಂಟ್ ಕಟ್ಟಡದ ಕಮಿಟಿ ಅಧ್ಯಕ್ಷ ಅನಂತಕೃಷ್ಣರನ್ನು ಎಲ್ಲರೂ ಮೇಯರ್ ಎಂದೇ ಕರೆಯುತ್ತಿದ್ದರು. ಊರಿನ ನಿಜವಾದ ಮೇಯರನ್ನು ಮೇಲಿನವರು ನೇಮಿಸುತ್ತಾರೆ, ಜನರನ್ನು ಯಾರೂ ಕೇಳುವುದಿಲ್ಲ. ಈ ಮೇಯರನ್ನಾದರೂ ಇಳಿಸೋಣವೆಂದು 2016ರ ಒಂದು ಭಾನುವಾರ ಬೆಳಿಗ್ಗೆ ಮನೆ ಮಾಲೀಕರೆಲ್ಲ ಹಾಲ್‌ನಲ್ಲಿ ಸೇರಿದ್ದರು.

ಚೈತನ್ಯಾ ಬಾಡಿಗೆಯವಳು. ಮನೆಯೊಡತಿ ಕಾಂತಮ್ಮ ಮೈಸೂರಿನಿಂದ ಸಹಿ ಹಾಕಿ ಕಳಿಸಿದ ಪತ್ರದಿಂದ ಅವಳಿಗೆ ವೋಟು ಸಿಕ್ಕಿತ್ತು. ಹೋದ ತಿಂಗಳು ಅವಳ ಆರು ವರ್ಷದ ಮಗಳು ಆಗಾಗ ಕೈಕೊಡುವ ಲಿಫ್ಟಿನಲ್ಲಿ ಎರಡು ಗಂಟೆ ಸಿಕ್ಕಿಬಿದ್ದಿದ್ದಳು. "ಮಕ್ಳು ಕುಣಿದ್ರೆ ಹಂಗೇ ಆಗೋದು" ಎಂದು ಮೇಯರ್ ಕೈ ತೊಳೆದುಕೊಂಡಿದ್ದರು. ಲಿಫ್ಟ್ ಇನ್ನೂ ಹಾಗೇ ಇತ್ತು.

ಆದರೆ ಗಂಡ ಮಹೇಶ ಕೆಲಸ ಮಾಡುವುದು ಅದೇ ಮೇಯರ್ ಸಾಹೇಬರ ಕಂಪನಿಯಲ್ಲಿ. "ಕೈ ಎತ್ಬೇಡ ಕಣೇ. ನನ್ನ ವರ್ಕ್ ಪಾಸ್ ರಿನ್ಯೂವಲ್ ಅವ್ರ ಟೇಬಲ್ ಮೇಲಿದೆ. ಸೈನ್ ಹಾಕ್ಲಿಲ್ಲ ಅಂದ್ರೆ ಮುಂದಿನ ತಿಂಗಳು ಗಂಟುಮೂಟೆ ಕಟ್ಬೇಕು" ಎಂದು ಬೆಳಿಗ್ಗೆಯೇ ಅಂಗಲಾಚಿದ್ದ.

ಮೇಯರ್ ಸುತ್ತಲೂ ನೋಡಿ ನಕ್ಕರು. "ಕೈಗಳನ್ನ ನಮ್ಮ ಮಹೇಶನೇ ಎಣಿಸ್ಲಿ" ಎಂದರು. ಆಸಾಮಿ ಘಾಟಿ.

ಅವರು ಉಳಿಯಲಿ ಎಂದವರು ನಲವತ್ತು. ಆಮೇಲೆ ಇಳಿಯಲಿ ಎನ್ನುವವರ ಸರದಿ. ಚೈತನ್ಯಾಗೆ ಗಂಡನ ಮಾತು ನೆನಪಾಯಿತು. ಆದರೂ ಕೈ ಎತ್ತಿದಳು. ಮಹೇಶ ಸಾಲು ಸಾಲಾಗಿ ಎಣಿಸುತ್ತ ಬಂದ. ಅವಳನ್ನು ಕಂಡದ್ದೇ ಮುಖ ಬಿಳಿಚಿಕೊಂಡಿತು. ಅವಳನ್ನು ಬಿಟ್ಟು ಮುಂದಿನವರನ್ನು ಎಣಿಸಿದ.

"ನಲವತ್ತು."

ಸಮವಾದರೆ ಅಧ್ಯಕ್ಷರು ಉಳಿಯುತ್ತಾರೆ ಎಂದು ಕಾರ್ಯದರ್ಶಿ ಸಾರಿದರು.

ಸುಳ್ಳೇಕೆ, ಚೈತನ್ಯಾಗೆ ಮೊದಲು ಆದದ್ದು ನೆಮ್ಮದಿಯೇ. ಗಂಡನ ಕೆಲಸ ಉಳಿಯಿತಲ್ಲ! ಮರುಕ್ಷಣ, ನಾಳೆ ಮಗಳು ಶಾಲೆಗೆ ಅದೇ ಲಿಫ್ಟಿನಲ್ಲಿ ಇಳಿಯಬೇಕು ಎಂಬುದು ನೆನಪಾಯಿತು. ಎದ್ದು ನಿಂತಳು. ತನ್ನ ಕೈಯನ್ನು ಎಣಿಸಿಲ್ಲವೆಂದು, ಎಲ್ಲರಿಗೂ ತಿಳಿಯುವಂತೆ ಇಂಗ್ಲಿಷಿನಲ್ಲೇ ಹೇಳಿದಳು.

ಇಡೀ ಹಾಲ್ ಮಹೇಶನ ಕಡೆ ತಿರುಗಿತು. ಅವನು ಹೆಂಡತಿಯನ್ನು ನೋಡಿದ, ಮೇಯರನ್ನು ನೋಡಿದ, ಮತ್ತೆ ಹೆಂಡತಿಯನ್ನು ನೋಡಿದ.

"ಸಾರಿ, ಒಂದು ಬಿಟ್ಟುಹೋಯ್ತು. ನಲವತ್ತೊಂದು."

ಚಪ್ಪಾಳೆ ಬಿತ್ತು. ಮೇಯರ್ ನಿಧಾನವಾಗಿ ವೇದಿಕೆ ಇಳಿದು ಬಂದು ಮಹೇಶನ ಹೆಗಲ ಮೇಲೆ ಕೈ ಹಾಕಿದರು. "ತಪ್ಪು ಯಾರಿಗಾದ್ರೂ ಆಗುತ್ತಪ್ಪ. ನಾಳೆ ಬೆಳಿಗ್ಗೆ ಬಂದ ತಕ್ಷಣ ನನ್ನ ರೂಮಿಗೆ ಬಾ. ನಿನ್ನ ಫೈಲ್ ನೋಡೋಣ."

ಚೈತನ್ಯಾ ಕೂತುಬಿಟ್ಟಳು. ಮಹೇಶ ಬಂದು ಪಕ್ಕದಲ್ಲಿ ಕೂತ. ಫೋನ್ ತೆಗೆದು ಊರಿಗೆ ವಿಮಾನದ ಟಿಕೆಟ್ ಎಷ್ಟೆಂದು ನೋಡತೊಡಗಿದ. ಒಂದು ಮಾತು ಬೈದಿದ್ದರೂ ಅವಳಿಗೆ ಅಷ್ಟು ಹೆದರಿಕೆಯಾಗುತ್ತಿರಲಿಲ್ಲ.