ಫೋಟೋದಲ್ಲಿ ಕಂಡ ಮುಖ

ಹೊನ್ನಾಳಿಯಲ್ಲಿ ಖಾನಾವಳಿ ನಡೆಸುವ ಕಲ್ಲಮ್ಮನಿಗೆ ತನ್ನ ನೆನಪಿನ ಬಗ್ಗೆ ಭಾರೀ ಹೆಮ್ಮೆ. ಯಾರಿಗೆ ಖಾರ ಕಡಿಮೆ, ಯಾರಿಗೆ ಎರಡನೇ ರೊಟ್ಟಿಗೇ ಮಜ್ಜಿಗೆ ಬೇಕು, ಎಲ್ಲ ಬಾಯಿಪಾಠ. ಹಾಗಾಗಿ ಗೋವಿನಕೋವಿಯಲ್ಲಿ ಮದುವೆ ಊಟ ಮುಗಿಸಿ ಬಸ್ಸಿಗೆ ಕಾಯುತ್ತಿದ್ದಾಗ ಬೈಕಿನವನೊಬ್ಬ ಅವಳ ಕೊರಳಿನ ಸರ ಕಿತ್ತುಕೊಂಡು ಹೋದಾಗ, ಮುಖ ಚೆನ್ನಾಗಿ ನೆನಪಿದೆ ಎಂದೇ ದೂರು ಬರೆಸಿದಳು. ಕಪ್ಪು ಟೀ ಶರ್ಟು, ಮೂವತ್ತರ ಆಸುಪಾಸು, ಗಡ್ಡವಿಲ್ಲ.

ಎಂಟು ದಿನ ಬಿಟ್ಟು ಒಬ್ಬ ಪೊಲೀಸ್ ಖಾನಾವಳಿಗೇ ಬಂದು, ರೊಟ್ಟಿ ಬಡಿಯುತ್ತಿದ್ದವಳ ಮುಂದೆ ಮೊಬೈಲ್ ಹಿಡಿದ.

"ಇವ್ನೇ ಅಲ್ವೇನಮ್ಮ?"

ನೀಲಿ ಚೌಕಳಿ ಅಂಗಿ ತೊಟ್ಟವನ ಫೋಟೋ. ಹೆಂಚಿನ ಮೇಲೆ ರೊಟ್ಟಿ ಸೀಯುತ್ತಿತ್ತು.

"ಇವ್ನೇ ಇರ್ಬೇಕ್ರೀ" ಎಂದುಬಿಟ್ಟಳು.

ಫೋಟೋದಲ್ಲಿದ್ದವನು ಜಗಳೂರು ಕಡೆಯ ತಿಪ್ಪೇಶ್. ಬೈಕಿನಲ್ಲಿ ಊರೂರು ಸುತ್ತಿ ಕಂಬಳಿ ಮಾರುವವನು. ಸರ ಹೋದ ವಾರ ಅವನು ಗೋವಿನಕೋವಿ ಸುತ್ತಿನ ನ್ಯಾಮತಿ ಸೀಮೆಯಲ್ಲಿ ಓಡಾಡಿದ್ದನ್ನು ಯಾರೋ ಹೇಳಿದ್ದರು. ಅದರ ಜೊತೆ ಕಲ್ಲಮ್ಮನ ಮಾತೂ ಸೇರಿ ಅವನು ಜೈಲು ಸೇರಿದ.

ಮುಂದಿನ ವಾರ ಜೈಲಿನ ಅಂಗಳದಲ್ಲಿ ಗುರುತು ಹಿಡಿಯುವ ಪರೇಡ್. ಪೊಲೀಸರನ್ನೆಲ್ಲ ಗೇಟಿನಾಚೆ ಕಳಿಸಿ, ತಹಶೀಲ್ದಾರ್ ವನಜಾಕ್ಷಿ ಎಂಟು ಜನರನ್ನು ಸಾಲಾಗಿ ನಿಲ್ಲಿಸಿದ್ದರು. ಕಲ್ಲಮ್ಮ ತಡಮಾಡಲಿಲ್ಲ. ಅವಳ ಬೆರಳು ನೇರವಾಗಿ ತಿಪ್ಪೇಶನ ಕಡೆ ಹೋಯಿತು.

"ಅಮ್ಮಾ, ನನ್ನ ಎಲ್ಲಿ ನೋಡಿದ್ರಿ ನೀವು?" ತಿಪ್ಪೇಶ್ ಅಳುವ ದನಿಯಲ್ಲಿ ಕೇಳಿದ.

"ಎಲ್ಲಿ ಅಂದ್ರೆ? ನೀಲಿ ಅಂಗಿ ಹಾಕ್ಕೊಂಡು ಬೈಕ್ ಮೇಲೆ..."

ಕಲ್ಲಮ್ಮನಿಗೆ ತನ್ನ ಮಾತೇ ವಿಚಿತ್ರವೆನಿಸಿತು. ನೀಲಿ ಎಲ್ಲಿಂದ ಬಂತು? ತಾನು ಬರೆಸಿದ್ದು ಕಪ್ಪು. ಕಣ್ಣು ಮುಚ್ಚಿ ಬಸ್‌ಸ್ಟಾಪನ್ನು ನೆನೆಸಿಕೊಂಡಳು. ಬೈಕ್ ಬಂತು, ಕೈ ಬಂತು, ಸರ ಹೋಯಿತು. ಮುಖ ಮಾತ್ರ ಮೊಬೈಲಿನೊಳಗಿನದು.

"ಮೇಡಮ್ನೋರೆ, ತಪ್ಪಾಗೈತೆ. ಇವ್ರನ್ನ ನಾನು ನೋಡಿದ್ದು ಫೋಟೋದಾಗೆ. ಸರ ಕಿತ್ತೋನ ಮುಖ ನಂಗೆ ನೆನಪಿಲ್ಲ."

"ಪರೇಡಿಗೆ ಮುಂಚೆನೇ ಫೋಟೋ ತೋರಿಸಿದ್ರಾ?" ವನಜಾಕ್ಷಿ ಪೆನ್ನು ಕೆಳಗಿಟ್ಟರು.

"ಹೂಂ ರೀ. ಬರ್ಕಳ್ಳಿ, ಹೆಬ್ಬೆಟ್ಟಲ್ಲ, ಸೈನೇ ಹಾಕ್ತೀನಿ."

ಗೇಟಿನಾಚೆ ಆ ಪೊಲೀಸ್ ಸಿಡುಕಿದ. "ಏನಮ್ಮ, ನಿನ್ ಸರ ನಿಂಗೆ ಬ್ಯಾಡ್ವಾ?"

"ಸರ ಬೇಕ್ರೀ ಸಾಹೇಬ್ರೆ. ಅದ್ರ ಬದ್ಲು ಆ ಮನುಷ್ಯನ ಕೊರಳು ಬ್ಯಾಡ."

ಹೇಳಿದಳೇನೋ ನಿಜ, ಬಸ್ಸಿನಲ್ಲಿ ಮನೆವರೆಗೂ ಅವಳು ತನ್ನ ಬರಿಗೊರಳನ್ನು ಸವರಿಕೊಳ್ಳುತ್ತಲೇ ಇದ್ದಳು.

ಉಚಿತ ಕಾನೂನು ನೆರವಿನ ವಕೀಲೆ ಚೈತ್ರಶ್ರೀ ಉಳಿದದ್ದನ್ನು ಹುಡುಕಿ ತೆಗೆದಳು. ಕಳ್ಳತನವಾದ ಹೊತ್ತಿಗೆ ತಿಪ್ಪೇಶ್ ಗೋವಿನಕೋವಿಯಿಂದ ದೂರದ ಸೂಳೆಕೆರೆಯ ಮೀನಿನಂಗಡಿಯ ಮುಂದೆ ಒಂದು ಕಂಬಳಿಗೆ ಮುಕ್ಕಾಲು ಗಂಟೆ ಚೌಕಾಸಿ ಮಾಡುತ್ತಿದ್ದ. ಅಂಗಡಿಯ ಕ್ಯಾಮೆರಾದಲ್ಲಿ ಎಲ್ಲ ಇತ್ತು, ಕೊನೆಗೂ ಕಂಬಳಿ ಮಾರಾಟವಾಗದಿದ್ದದ್ದೂ. ನ್ಯಾಯಾಲಯ ಅವನನ್ನು ಬಿಟ್ಟಿತು. ಪರೇಡಿಗೆ ಮುಂಚೆ ಸಾಕ್ಷಿಗಳಿಗೆ ಫೋಟೋ ತೋರಿಸಕೂಡದು, ಮೊದಲು ಹೇಳಿದ ಚಹರೆಯನ್ನು ಬದಲಿಸದೆ ಇಡಬೇಕು ಎಂದು ಮೇಲಧಿಕಾರಿಗಳು ಎಲ್ಲ ಠಾಣೆಗಳಿಗೂ ಕಟ್ಟುನಿಟ್ಟಾಗಿ ಬರೆದರು. ಚನ್ನಗಿರಿಯಲ್ಲಿ ಪೊಲೀಸರಿಗೆ ತರಬೇತಿಯನ್ನೂ ಇಟ್ಟರು. ಚೈತ್ರಶ್ರೀ ಅಲ್ಲಿಗೆ ಕಲ್ಲಮ್ಮನನ್ನು ಕರೆದೊಯ್ದಳು.

ನಲವತ್ತು ಖಾಕಿಗಳ ಮುಂದೆ ಕಲ್ಲಮ್ಮ ಮೊದಲು ಸೆರಗು ಸರಿಮಾಡಿಕೊಂಡಳು. ಆಮೇಲೆ ಕೇಳಿದಳು: "ಈಗ ಟೀ ಕೊಟ್ಟು ಹೋದ್ರಲ್ಲ, ಆಯಮ್ಮನ ಸೀರೆ ಯಾವ ಬಣ್ಣ?"

"ಹಸಿರು," "ಕೆಂಪು," "ಹಳದಿ ಅಂಚಿಂದು" ಎಂದು ನಾಲ್ಕೂ ಕಡೆಯಿಂದ ಗದ್ದಲ ಎದ್ದಿತು. ಹಿಂದಿನ ಸಾಲಿನಿಂದ ಪ್ರಮೀಳಾ ಎಂಬ ಪೇದೆ ಎದ್ದು, "ನಾನು ನೋಡ್ಲಿಲ್ಲ ರೀ" ಎಂದಳು.

"ಸಾಕ್ಷಿ ಬಾಯಿಂದ ಹಿಂಗೊಂದು ಮಾತು ಬಂದ್ರೆ ಅದನ್ನೂ ಹಂಗೇ ಬರ್ಕಳ್ಳಿ ತಾಯಿ" ಎಂದು ಕಲ್ಲಮ್ಮ ಕೈಮುಗಿದಳು.

ಟೀ ಕೊಟ್ಟ ಕರಿಬಸಮ್ಮ ಬಾಗಿಲಲ್ಲಿ ನಗುತ್ತಾ ನಿಂತಿದ್ದಳು. ಅವಳು ಉಟ್ಟಿದ್ದು ಸೀರೆಯೇ ಅಲ್ಲ, ಚೂಡಿದಾರ.