ಜೋಡಿ ಗೆರೆ

ತಿಂಗಳಿಗೊಂದು ಭಾನುವಾರ ನಾನು ದಾವಣಗೆರೆಯಿಂದ ಕೊಟ್ಟೂರಿಗೆ ಬಂದು, ಮನೆತನದಲ್ಲಿ ಇಳಿದುಬರುವ ಕಾಯಿಲೆಗಳನ್ನು ನೋಡುತ್ತೇನೆ. 2001ರ ಒಂದು ಭಾನುವಾರ ದಾಕ್ಷಾಯಣಮ್ಮ ನನ್ನ ಮೇಜಿನ ಮೇಲೆ ಸಕ್ಕರೆ ಪೊಟ್ಟಣ ಇಟ್ಟು ಮದುವೆ ಸುದ್ದಿ ಹೇಳಿದಾಗ ಮೈಯೆಲ್ಲ ಉರಿದುಹೋಯಿತು.

ಆಕೆಯ ಮಗ ಅರುಣಕುಮಾರ ಮದುವೆಯಾಗಿದ್ದು ಸ್ವಂತ ಅಕ್ಕನ ಮಗಳು ಶೈಲಾಳನ್ನು. ಅವರ ಮಗುವಿಗೆ ಥಲಸ್ಸೇಮಿಯಾ; ತಿಂಗಳು ತಿಂಗಳು ರಕ್ತ ಕೊಡಿಸದಿದ್ದರೆ ಉಳಿಯದು. ಹಿಂದಿನ ತಿಂಗಳಷ್ಟೇ ನಾನು ವಂಶದ ನಕ್ಷೆ ಬರೆದು, ರಕ್ತಸಂಬಂಧದ ಮದುವೆಯೆಂದು ಗಂಡ ಹೆಂಡತಿಯ ನಡುವೆ ಜೋಡಿ ಗೆರೆ ಎಳೆದು, ದೋಷ ಇಬ್ಬರಲ್ಲೂ ಇದೆ ಎಂದು ಬಾಯಿ ನೋಯುವಷ್ಟು ವಿವರಿಸಿದ್ದೆ.

"ಈ ಜೋಡಿಗೆ ಹುಟ್ಟಿದ್ರ ಹಿಂಗ ಆಗ್ತಾವಂತ ನೀವ ಹೇಳಿದ್ರಲ್ರಿ," ಎಂದಳು ದಾಕ್ಷಾಯಣಮ್ಮ. "ಅದಕ್ಕ ಶೈಲಾನ ತಂಗಿ ಗಂಗಾಂಬಿಕಾನ್ನ ತಂದುಕೊಳ್ಳಾಕ ಹತ್ತೀವಿ. ಮನಿ ಹುಡುಗಿ, ಅಕ್ಕನ ಕೂಸನ್ನೂ ನೋಡಿಕೊಂತಾಳ."

"ಅಕಿನೂ ನಿಮ್ಮ ಮಗಳ ಮಗಳ ಅಲ್ಲೇನ್ರಿ? ಅದ ರಕ್ತ! ಹೆಂಡ್ತಿ ಇರಾಗ ಇನ್ನೊಂದು ಮದುವಿ ಅಂದ್ರ ಜೈಲು, ಗೊತ್ತೈತೇನು?"

"ಹೆಂಡ್ತೀನ ಒಪ್ಯಾಳ. ದೂರು ಕೊಡೋರು ಯಾರು?"

ಅತ್ತೆಯ ಪಕ್ಕದಲ್ಲಿ ಕೂತಿದ್ದ ಶೈಲಾ ಮಗುವನ್ನು ಅವುಚಿಕೊಂಡು ತಲೆ ತಗ್ಗಿಸಿದಳು. ನನ್ನ ತಾಯಿಯೂ ಹೀಗೇ ತಗ್ಗಿಸಿದ್ದಳು. ನಮ್ಮೂರು ನೀಲಗುಂದದಲ್ಲಿ ನನ್ನ ಇಬ್ಬರು ತಮ್ಮಂದಿರು ಬಿಳಿಚಿಕೊಂಡು ಸತ್ತ ಮೇಲೆ ಅಪ್ಪ ತಾಯಿಯ ತಂಗಿಯನ್ನೇ ಕಟ್ಟಿಕೊಂಡ. ಅವಳ ಮಗುವೂ ಸತ್ತಿತು. ಊರಿನವರ ಬಾಯಿಗೆ ಬಿದ್ದವರು ಹೆಂಗಸರಿಬ್ಬರೇ. ಅಪ್ಪನನ್ನು ಒಬ್ಬರೂ ಕೇಳಲಿಲ್ಲ. ಆ ಸಿಟ್ಟಿಗೇ ನಾನು ಈ ವಿದ್ಯೆ ಕಲಿತದ್ದು.

ಮೂಲೆಯಲ್ಲಿದ್ದ ಗಂಗಾಂಬಿಕಾ, ಹತ್ತೊಂಬತ್ತರ ಹುಡುಗಿ, ಮುಂದೆ ಬಂದು ತೋಳು ಚಾಚಿದಳು. "ನನ್ನ ರಕ್ತಾನೂ ನೋಡ್ರಿ."

"ನೋಡ್ರಿ, ದೋಷ ಇದ್ರ ಈ ಮದುವಿ ಬಿಡ್ತೀವಿ," ಎಂದಳು ಅಜ್ಜಿ. ದೋಷ ಸಿಗಲಿ ಎಂಬ ಆಸೆ ಹುಡುಗಿಯ ಮುಖದಲ್ಲೇ ಕಾಣುತ್ತಿತ್ತು. ನನಗೂ ಅದೇ ಆಸೆ.

ಮುಂದಿನ ತಿಂಗಳು ವರದಿ ಬಂತು. ದೋಷವಿಲ್ಲ. ಒಬ್ಬಳ ರಕ್ತ ಚೆನ್ನಾಗಿದೆ ಎಂದು ನಾನು ಹಲ್ಲು ಕಡಿದದ್ದು ಅದೊಂದೇ ಸಲ. ಸುಳ್ಳು ಬರೆಯಲು ಕೈ ಬರಲಿಲ್ಲ. ಗಂಗಾಂಬಿಕಾಳೊಬ್ಬಳನ್ನೇ ಒಳಗೆ ಕರೆದು, ಇದ್ದದ್ದು ಹೇಳಿ, ವರದಿ ಕೈಗಿಟ್ಟೆ. "ಇದು ನಿಂದು. ಬ್ಯಾರೆ ಯಾರಿಗೂ ನಾನು ಹೇಳಂಗಿಲ್ಲ."

ಅವಳು ಅದನ್ನು ಚೂರು ಚೂರು ಮಾಡಿ ಕಸದ ಬುಟ್ಟಿಗೆ ಹಾಕಿ ಹೊರಗೆ ಹೋದಳು.

"ನನ್ನಾಗೂ ಐತಂತ, ಅಜ್ಜಿ," ಎಂದಳು, ಸಾಲಿನಲ್ಲಿ ಕೂತವರಿಗೆಲ್ಲ ಕೇಳುವಂತೆ.

"ಅಯ್ಯೋ, ಇನ್ನ ನಿನ್ನ ಯಾರು ಮಾಡಿಕೊಂತಾರ!"

ಸಾಲಿನಲ್ಲಿ ಹಡಗಲಿಯವರಿದ್ದರು, ಹರಪನಹಳ್ಳಿಯವರಿದ್ದರು. ಸುದ್ದಿ ಸಂಜೆಯೊಳಗೆ ಎಲ್ಲೆಲ್ಲಿ ಮುಟ್ಟುತ್ತದೆಂದು ಅವಳಿಗೂ ಗೊತ್ತಿತ್ತು. ದಾಕ್ಷಾಯಣಮ್ಮ ಬಾಗಿಲಲ್ಲಿ ನಿಂತಿದ್ದ ನನ್ನ ಕಡೆ ತಿರುಗಿದಳು. "ಖರೇನ್ರಿ?"

ಗಂಗಾಂಬಿಕಾ ನನ್ನನ್ನೇ ನೋಡುತ್ತಿದ್ದಳು. ಇಷ್ಟು ವರ್ಷ ಓದಿ ನಾನು ಕಂಡುಹಿಡಿದ ನಿಜ ಅವಳನ್ನು ಉಳಿಸುವಂತಿರಲಿಲ್ಲ. ಥೂ, ಯಾತಕ್ಕೆ ಬಂತು ಆ ಓದು! ಅವಳ ಸುಳ್ಳು ಹಾಗೇ ನಿಲ್ಲಲಿ ಎಂದು ಬಿಟ್ಟೆ.

"ಮುಂದಿನವರು ಬರ್ರಿ!" ಎಂದು ಬಾಗಿಲು ಗುದ್ದಿ ಕೂಗಿದೆ.